ಹದಿನಾಲ್ಕು ಮಿಲಿಮೀಟರ್ ಬಾಗು

ಮಂಗಳವಾರ, ಊಟದ ಬಿಡುವಿನಲ್ಲಿ

ಪ್ರೀತಿಯ ಮೊಂಡರಾಯರಿಗೆ,

ಕ್ಷೇಮ ಎಂದು ಬರೆದರೆ ನೀವು ನಂಬುವುದಿಲ್ಲ, ಅದಕ್ಕೇ ನೇರವಾಗಿ ಕೆಲಸದ ಮಾತಿಗೆ ಬರುತ್ತೇನೆ. ನಾವು ಕಟ್ಟುತ್ತಿರುವ ಗೋದಾಮಿನ ಮೂಲೆಯ ಉಕ್ಕಿನ ಕಂಬ ಬಾಗಿದೆ. ಮೇಲಿನಿಂದ ಕೆಳಕ್ಕೆ ದಾರ ಎಳೆದು ಅಳೆದೆ. ನಡುವಿನಲ್ಲಿ ಹದಿನಾಲ್ಕು ಮಿಲಿಮೀಟರ್. ಆರು ಮೀಟರ್ ಎತ್ತರಕ್ಕೆ ಅದು ಹೆಚ್ಚಾಯಿತು. ಕಣ್ಣಿಗೇ ಕಾಣುವುದಿಲ್ಲ, ಬಿಡಿ ಮೇಡಂ ಎಂದು ಮೇಸ್ತ್ರಿ ನಕ್ಕ. ಮೇಲಂತಸ್ತಿನ ಭಾರ ಹೊರಿಸಲು ನನ್ನ ರುಜು ಬೇಕಂತೆ.

ಕಂಬ ಮಣಿದುಬೀಳುವ ಭಾರದಲ್ಲಿ ಅರ್ಧ ಹೊರಿಸಿದರೆ ಇರುವ ಬಾಗು ಎರಡರಷ್ಟಾಗುತ್ತದೆ, ಮುಕ್ಕಾಲು ಹೊರಿಸಿದರೆ ನಾಲ್ಕರಷ್ಟು. ಇನ್ನೇನು ಸಂಸಾರಕ್ಕೆ ಹೋಲಿಸುತ್ತಾಳೆ ಎಂದು ಹುಬ್ಬೇರಿಸಬೇಡಿ. ನಾನು ಕಂಬದ ಬಗ್ಗೆಯೇ ಬರೆಯುತ್ತಿದ್ದೇನೆ.

ನಮ್ಮ ಪದ್ಧತಿ ನೆನಪಿದೆಯಲ್ಲ? ಮೇಜಿನ ಆ ಕಡೆ ನೀವು, ಈ ಕಡೆ ನಾನು. ಒಂದೇ ಕಂಬಕ್ಕೆ ಇಬ್ಬರ ಲೆಕ್ಕ, ಮುಗಿಯುವವರೆಗೆ ಒಬ್ಬರದನ್ನೊಬ್ಬರು ನೋಡುವಂತಿಲ್ಲ. ನೀವು ಕಂಬ ನೆಟ್ಟಗಿದೆ ಎಂದುಕೊಂಡು ಶುರುಮಾಡಿ ಆಮೇಲೆ ತಿದ್ದುತ್ತಿದ್ದಿರಿ, ನಾನು ಬಾಗಿನಿಂದಲೇ ಶುರು. ಉತ್ತರ ಹೊಂದದಿದ್ದರೆ ಚಹಾ ಆರಿ ನೀರಾಗುವವರೆಗೂ ಜಗಳ. ಈಗ ನನ್ನ ಲೆಕ್ಕ ನೋಡುವ ಹೊಸ ಇಂಜಿನಿಯರ್ ಎಲ್ಲಾ ಸರಿ ಇದೆ ಎಂದು ತಲೆಯಾಡಿಸಿಬಿಡುತ್ತಾನೆ. ಜಗಳಕ್ಕೂ ಗತಿಯಿಲ್ಲ. ನಿಮ್ಮ ಕುರ್ಚಿ ಖಾಲಿ ಇರುವುದನ್ನು ನೋಡಲಾಗದೆ ಅದರ ಮೇಲೆ ನಕ್ಷೆಗಳನ್ನು ಪೇರಿಸಿದ್ದೇನೆ.

ಸೇತುವೆಯ ಕೆಲಸಕ್ಕೆಂದು ಆ ಊರಿಗೆ ಹೊರಟಾಗ ನೀವೂ ಬಾ ಎನ್ನಲಿಲ್ಲ, ನಾನೂ ಹೋಗಬೇಡಿ ಎನ್ನಲಿಲ್ಲ. ಸೇತುವೆ ಮುಗಿದು ವರ್ಷವಾಗುತ್ತಾ ಬಂತು. ನಿಮ್ಮಮ್ಮ ನನ್ನ ಮನೆಯಲ್ಲಿದ್ದಾರೆ, ನನ್ನ ಪಕ್ಷದಲ್ಲಿಲ್ಲ ಅಷ್ಟೆ. ನಿಮಗೆ ಕಂಬದ ವಿಷಯ ಬರೆಯುತ್ತೇನೆ ಎಂದದ್ದಕ್ಕೆ ನಿನ್ನೆ ಅಂದರು: “ಕಂಬ ಬಾಗಿದ್ದು ಬರೀತೀಯ, ಬಾ ಅಂತ ಒಂದು ಮಾತು ಬರೆಯೋಕಾಗಲ್ವೇನೇ ನಿಂಗೆ?” ಕೇಳಿಸದವಳಂತೆ ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಅಳತೆಗಳು ಹಿಂದಿನ ಹಾಳೆಯಲ್ಲಿವೆ. ನನ್ನ ಉತ್ತರ ಬರೆದಿಲ್ಲ. ಲೆಕ್ಕವನ್ನು ಅಂಚೆಯಲ್ಲಿ ಕಳಿಸಬೇಡಿ. ಇಂಥದ್ದನ್ನು ಕಣ್ಣಾರೆ ನೋಡದೆ ಲೆಕ್ಕ ಹಾಕಬಾರದು.

ಇಂತಿ,
ನಿಮ್ಮವಳು

ಮರೆತಿದ್ದೆ: ಆ ಕಂಬವನ್ನು ಹೋದ ವಾರವೇ ತೆಗೆಸಿ ಹೊಸದು ನಿಲ್ಲಿಸಿದೆ. ಲೆಕ್ಕ ಯಾರಿಗೂ ಬೇಕಾಗಿಲ್ಲ. ಬನ್ನಿ.