ಒಂದು ದಿನದ ನೀರು ಸಾಕು

ಜನವರಿ 9, ಬೆಳಿಗ್ಗೆ

ಮತ್ತೆ ಡ್ರಿಪ್ ಪೈಪಿನ ತೂತು ಕಟ್ಟಿದೆ. ಹಳ್ಳದ ನೀರಿನ ಕೆಸರು. ಸೆರಗಿನ ಪಿನ್ನು ತೆಗೆದು ಒಂದೊಂದಾಗಿ ಚುಚ್ಚುತ್ತ ಹೋದೆ. ತೀರ್ಥಹಳ್ಳಿಯ ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ ಓದಿದ್ದು ಇದಕ್ಕೇ ಇರಬೇಕು! ಆದರೂ ಎಷ್ಟು ಖುಷಿ. ಸೌತೆ ಬಳ್ಳಿಯ ಬುಡಕ್ಕೆ ಟಪ್ ಟಪ್ ಅಂತ ಹನಿ ಬೀಳುವುದನ್ನು ನೋಡುತ್ತ ಕೂತರೆ ಏಳಲು ಮನಸ್ಸಾಗದು.

ಲಿಖಿತ್ ಬೈಕ್ ಹತ್ತಿ ಸಾಗರಕ್ಕೆ ಹೋದ. ಪಂಪ್‌ಸೆಟ್ ಅಂಗಡಿ ಕೆಲಸ. ಬರುವಾಗ ಕತ್ತಲು. ಮದುವೆಯಾಗಿ ಎರಡು ತಿಂಗಳೂ ಆಗಿಲ್ಲ, ಗಂಡನ ಮುಖ ಹಗಲು ಬೆಳಕಿನಲ್ಲಿ ಕಾಣುವುದು ಭಾನುವಾರ ಮಾತ್ರ. ಆದರೆ ಇದೆಲ್ಲ ಈ ಬೇಸಿಗೆವರೆಗೆ! ಮೇಲಿನ ಗದ್ದೆಯನ್ನು ಮಾವ ನಮ್ಮಿಬ್ಬರಿಗೆ ಬಿಟ್ಟುಕೊಟ್ಟಿದ್ದಾರೆ. ಬೇಸಿಗೆಯಲ್ಲಿ ಯಾವತ್ತೂ ಬೀಳು ಬಿದ್ದಿರುವ ಗದ್ದೆ. ಈ ಸಲ ಅಲ್ಲಿ ಬೆಳೆ ಬಂದರೆ ಲಿಖಿತ್ ಅಂಗಡಿ ಬಿಟ್ಟು ಮನೆಯಲ್ಲೇ. ಇಡೀ ದಿನ!!

ಪ್ಲಾನ್ ತುಂಬಾ ಸಿಂಪಲ್. ಹಳ್ಳಕ್ಕೆ ಕಟ್ಟಿದ ಒಡ್ಡಿನ ನೀರು ಎಲ್ಲ ಮನೆಗೂ ಸರದಿಯ ಮೇಲೆ. ನಮ್ಮ ಸರದಿ ಎರಡು ದಿನ. ಕಾಲುವೆಯಲ್ಲಿ ಹರಿಸುತ್ತಿದ್ದಾಗ ಎರಡೂ ದಿನದ ನೀರನ್ನು ಕೆಳಗಿನ ಗದ್ದೆಯೇ ಕುಡಿಯುತ್ತಿತ್ತು. ಈಗ ಒಂದು ದಿನದ ನೀರನ್ನು ಹೊಂಡಕ್ಕೆ ತುಂಬಿಸಿಟ್ಟು ಡ್ರಿಪ್‌ನಲ್ಲಿ ಬಿಟ್ಟರೆ ಮುಂದಿನ ಸರದಿಯವರೆಗೆ ಬರುತ್ತದೆ. ಉಳಿದ ದಿನದ್ದು ಮೇಲಿನ ಗದ್ದೆಗೆ. ನಾನೂ ಲಿಖಿತ್ತೂ ಜೀನಿಯಸ್!

ಜನವರಿ 11, ಭಾನುವಾರ

ಮೇಲಿನ ಗದ್ದೆಗೆ ಪೈಪ್ ಎಳೆದು ಬೆಂಡೆ ಬೀಜ ಊರಿದೆವು. ಲಿಖಿತ್ ಗುಳಿ ತೋಡುವುದು, ನಾನು ಬೀಜ ಹಾಕುವುದು. ಅತ್ತೆ ದೂರದಿಂದ ಕೂಗಿದರು, “ಬೀಜ ಹಾಕ್ತಿದೀರೋ, ಫೋಟೋ ತೆಕ್ಕಳ್ತಿದೀರೋ?”

ಎರಡೂ, ಅತ್ತೆ.

ಜನವರಿ 18, ಸಂಜೆ

ನನ್ನ ಬಾಯಿಗೆ ಬೆಂಕಿ ಬೀಳಲಿ.

ಒಡ್ಡು ಬಿಗಿ ಮಾಡುವ ದಿನ ಇವತ್ತು. ಎಲ್ಲ ಮನೆಯವರೂ ಸೇರಿ ಕಲ್ಲು ಹೊತ್ತು, ಮರಳಿನ ಚೀಲ ಜೋಡಿಸಿ, ಅಲ್ಲೇ ಕೂತು ಅವಲಕ್ಕಿ ತಿಂದು, ಆಮೇಲೆ ಸರದಿ ಮಾತಾಡುವುದು ರೂಢಿ. ಸರದಿ ಹೇಳುವವರು ಸೀತಾರಾಮಪ್ಪನವರು. ಹೊಸ ಸೊಸೆ ಅಂತ ನನ್ನನ್ನೇ ಮಾತಾಡಿಸಿದರು.

“ಪೈಪ್ ಹ್ಯಾಂಗಿದೆ ತಂಗಿ? ನೀರು ಸಾಕಾಗ್ತದಾ?”

ಸುಮ್ಮನೆ ಹೂಂ ಅಂದಿದ್ದರೆ ಆಗುತ್ತಿತ್ತು. ನಾನೋ! “ಸೂಪರ್ ಆಗಿದೆ! ಎರಡು ದಿನದ ನೀರು ಬೇಕಾಗಿದ್ದ ಗದ್ದೆಗೆ ಈಗ ಒಂದೇ ದಿನದ್ದು ಸಾಕು! ನೀವೆಲ್ಲ ಹಾಕಿಸ್ಕೊಳ್ಳಿ!”

ಮಾವ ಕೆಮ್ಮಿದರು. ನನಗೆ ಅರ್ಥವಾಗಲಿಲ್ಲ. ಲಿಖಿತ್ ಚಪ್ಪಲಿಯಿಂದ ನನ್ನ ಕಾಲು ಒತ್ತಿದ. ಪ್ರೀತಿ ಅಂದುಕೊಂಡೆ.

ಸೀತಾರಾಮಪ್ಪನವರು ಮಾವನ ಕಡೆ ತಿರುಗಿದರು. “ಕೆರಿಯಪ್ಪ, ಹಂಗಾರೆ ಒಂದಿನ ಹೂವಯ್ಯಂಗೆ ಬಿಡು. ಪಾಪ, ಕೊನೇ ಗದ್ದೆ ಅವಂದು, ಕೆಸರು ಬಿಟ್ರೆ ಎಂತದೂ ಬರದಿಲ್ಲ.”

ಮೇಲಿನ ಗದ್ದೆಗೆ ಬೇಕು ಅಂತ ಲಿಖಿತ್ ಎದ್ದು ನಿಂತ. ಬೇಸಿಗೆಗೆ ಹೊಸದಾಗಿ ಬಿತ್ತಿದ ಗದ್ದೆಗೆ ಒಡ್ಡಿನ ನೀರಿಲ್ಲವಂತೆ. ಹಳೇ ಗದ್ದೆಗೆ ಮಾತ್ರ. ಮೊದಲಿಂದಲೂ ಹಾಗೇ ಅಂತೆ. ನಮ್ಮ ಒಂದು ದಿನ ಹೂವಯ್ಯನವರಿಗೆ ಹೋಯಿತು. ನಮ್ಮ ಸರದಿಯ ನೀರನ್ನು ಉಳಿಸಿಕೊಂಡು ಎಲ್ಲಿ ಬಿಟ್ಟರೂ ಯಾರೂ ಕೇಳುತ್ತಿರಲಿಲ್ಲ. ಉಳಿಯುತ್ತದೆ ಅಂತ ಡಂಗುರ ಸಾರಿದವಳು ನಾನು.

ದಾರಿಯಲ್ಲಿ ಅತ್ತೆ ಅಂದರು, “ಪೈಪಿಗೊಂದೇ ಅಲ್ಲ, ನಿನ್ ಬಾಯಿಗೂ ಒಂದು ವಾಲ್ವ್ ಹಾಕ್ಸಬೇಕಿತ್ತು.”

ಮಾವ ನಮ್ಮನ್ನು ಬಿಟ್ಟು ಸರಸರ ಮುಂದೆ ನಡೆದರು. ಅದು ಇನ್ನೂ ಕಷ್ಟ.

ಫೆಬ್ರವರಿ 3

ಬೆಂಡೆ ಗೇಣುದ್ದ ಬಂದು ನಿಂತಿದೆ. ಎಲೆ ಮಧ್ಯಾಹ್ನಕ್ಕೇ ಜೋತು ಬೀಳುತ್ತದೆ. ಹೊಂಡದ ನೀರು ಎರಡೂ ಗದ್ದೆಗೆ ಸಾಲದು. ಬಿಂದಿಗೆಯಲ್ಲಿ ಹೊತ್ತೆ. ಸೊಂಟ ಹಿಡಿಯಿತು. ಲಿಖಿತ್ ಬಂದಾಗ ಮುಖ ಊದಿಸಿಕೊಂಡೇ ಬಡಿಸಿದೆ. ಅವನೂ ಹಾಗೇ ಊಟ ಮಾಡಿದ.

ನೀರು ಪೋಲು ಮಾಡುವವರ ಸರದಿಗೆ ಏನೂ ಆಗುವುದಿಲ್ಲ. ಉಳಿಸಿದವರದ್ದು ಕಟ್. ಇದು ಯಾವ ನ್ಯಾಯ? ಯಾರನ್ನು ಕೇಳಲಿ?

ಫೆಬ್ರವರಿ 12

ಹೂವಯ್ಯನವರ ಹೆಂಡತಿ ಯಶೋಧಕ್ಕ ಬುಟ್ಟಿ ತುಂಬ ಬೀನ್ಸ್ ತಂದರು. “ನಿಂದೇ ನೀರಿಂದು ತಂಗಿ. ಬ್ಯಾಸಿಗೇಲಿ ನಮ್ಮ ಗದ್ದೆ ಹಸರು ಕಂಡಿದ್ದು ಇದೇ ಮೊದಲು.”

ಥ್ಯಾಂಕ್ಸ್ ಅಂದೆ. ಒಳಗೆ ಹೋಗಿ ಕಣ್ಣೀರು ಹಾಕಿದೆ. ಬೀನ್ಸ್ ಪಲ್ಯ ಚೆನ್ನಾಗಿತ್ತು, ಅದೂ ಸಿಟ್ಟು ಬರಿಸಿತು.

ಫೆಬ್ರವರಿ 19

ಶಿವರಾತ್ರಿ ಕಳೆದು ಹಳ್ಳ ಇಳಿದ ಮೇಲೆ ಸರದಿಯನ್ನು ಮತ್ತೊಮ್ಮೆ ಮಾತಾಡುತ್ತಾರೆ. ಈ ಭಾನುವಾರ.

“ಪೈಪ್ ಹಾಳಾಯ್ತು ಅಂತ ನೀನೇ ಹೇಳು,” ಅಂದ ಲಿಖಿತ್. “ಹೊಗಳಿದವಳು ನೀನು. ನಾನು ಹೇಳಿದ್ರೆ ಯಾರೂ ನಂಬಲ್ಲ.”

“ಹೂವಯ್ಯನೋರಿಗೆ?”

“ನಂಗೆ ದಿನಾ ಸಾಗರಕ್ಕೆ ಹೋಗಕ್ಕೆ ಖುಷಿ ಅಂದ್ಕೊಂಡಿದೀಯಾ?”

ಅಷ್ಟೇ. ಮಾತು ಮುಗಿಯಿತು.

ಫೆಬ್ರವರಿ 22, ಭಾನುವಾರ

ಹೇಳಿದೆ. ಹೇಳುವುದಾದರೂ ಅಳತೆಯಲ್ಲಿ ಹೇಳಿದೆನೇ? ಇಲ್ಲ! “ಪೂರ್ತಿ ವೇಸ್ಟ್. ತೂತು ಕಟ್ಟಿದ್ರೆ ಮುಗೀತು, ಎಂತ ಮಾಡಿದ್ರೂ ಬಿಡಲ್ಲ. ಆ ಪೈಪ್ ಇದ್ರೂ ಒಂದೇ, ಇಲ್ದಿದ್ರೂ ಒಂದೇ.” ಕಣ್ಣಲ್ಲಿ ನೀರು ಬೇರೆ ಬಂತು. ಅದು ಮಾತ್ರ ನಿಜದ್ದು. ಹೂವಯ್ಯ ಎದುರಿಗೇ ಕೂತಿದ್ದರು.

ಸೀತಾರಾಮಪ್ಪನವರು ನಮ್ಮ ಎರಡು ದಿನ ನಮಗೇ ಕೊಟ್ಟರು. ಲಿಖಿತ್ ಮುಖ ಅರಳಿತು. ಆಗ ಹೂವಯ್ಯ ಟವಲ್ ಕೊಡವಿ ಎದ್ದರು.

“ಆಯ್ತಪ್ಪ, ನೀರು ನಿಮ್ದೇ. ಹಂಗಾರೆ ಆ ಪೈಪ್ ನಂಗೆ ಕೊಡು ಕೆರಿಯಪ್ಪ. ನಿಮ್ಗೆ ಹ್ಯಾಂಗೂ ಬ್ಯಾಡ. ನಂದು ಸ್ವಲ್ಪ ನೀರು, ಒಂದು ಹಳೇ ಟ್ಯಾಂಕ್ ಇದೆ, ನೋಡ್ತೀನಿ. ನೀರು ಬರ್ದಿದ್ರೆ ಬಳ್ಳಿ ಕಟ್ಟಕ್ಕಾರೂ ಆಗ್ತದೆ.”

ಎಲ್ಲರೂ ನಕ್ಕರು. ಬೇಡ ಅನ್ನಲು ಮಾವನ ಬಳಿ ಏನಿತ್ತು? ಸೊಸೆ ಈಗಷ್ಟೇ ಅತ್ತಿದ್ದಾಳೆ.

“ತಗಂಡ್ಹೋಗು ಮಾರಾಯ,” ಅಂದರು.

ಫೆಬ್ರವರಿ 24

ಹೂವಯ್ಯ ಪೈಪ್ ಸುತ್ತಿ ಹೆಗಲಿಗೆ ಹಾಕಿಕೊಂಡು ಹೋದರು. ಮೇಲಿನ ಗದ್ದೆಯದ್ದೂ.

ಈಗ ನಮಗೆ ಎರಡು ದಿನ ಪೂರ್ತಿ ನೀರು. ಕಾಲುವೆಯಲ್ಲಿ ಬಿಟ್ಟರೆ ಎರಡೂ ದಿನದ್ದು ಕೆಳಗಿನ ಗದ್ದೆಗೇ ಸರಿ. ಮೊದಲಿದ್ದಲ್ಲಿಗೇ ಬಂದೆವು. ಬೆಂಡೆ ಒಣಗಿತು. ಲಿಖಿತ್ ಬೆಳಿಗ್ಗೆ ಬೈಕ್ ಒರೆಸುತ್ತ ಅಂದ, “ಅಂಗಡಿ ಬಿಡಲ್ಲ ಅಂತ ಓನರ್‌ಗೆ ಹೇಳಿಬಿಡ್ತೀನಿ.”

ಜಗಳ ಆಡಿದ್ದರೂ ಆಗುತ್ತಿತ್ತು.

ಫೆಬ್ರವರಿ 27, ಬೆಳಿಗ್ಗೆ

ಕಾಲುವೆಯಲ್ಲಿ ಮಣ್ಣು ಎಳೆಯುತ್ತಿದ್ದೆ. ಕಾಲೆಲ್ಲ ಕೆಸರು, ಮೈಯೆಲ್ಲ ಸಿಟ್ಟು. ಆಚೆಯಿಂದ ಹೂವಯ್ಯನವರ ಕೂಗು.

“ತಂಗೀ! ತೂತೆಲ್ಲ ಕಟ್ಕಂಡದೆ! ನೀ ಹೇಳಿದ್ದು ನಿಜ, ಮಾರಾಯ್ತಿ!”

ಸುಮ್ಮನಿರಬೇಕಿತ್ತು. ದೇವರಾಣೆ, ಸುಮ್ಮನಿರಬೇಕು ಅಂತಲೇ ಇದ್ದೆ.

“ಪಿನ್ನಲ್ಲಿ ಚುಚ್ಚಿ! ತಕ್ಷಣ ಬಿಡುತ್ತೆ!”

ಹೂವಯ್ಯ ಪೈಪ್ ಹಿಡಿದು ನನ್ನನ್ನೇ ನೋಡುತ್ತ ನಿಂತರು. ಆಮೇಲೆ ಯಶೋಧಕ್ಕನ ಸೆರಗಿನಿಂದ ಪಿನ್ನು ಇಸಕೊಂಡರು. ಬಗ್ಗಿದರು. ಚುಚ್ಚಿದರು. ಟಪ್ ಅಂತ ಹನಿ ಬಿತ್ತು. ಮತ್ತೆ ನನ್ನ ಕಡೆ ನೋಡಿದರು.

ಓಡಿ ಬಂದು ಇದನ್ನು ಬರೆಯುತ್ತಿದ್ದೇನೆ. ಕಿಟಕಿಯಿಂದ ಕಾಣುತ್ತಿದೆ... ಪೈಪಿನ ತುಂಡು ಕೈಯಲ್ಲಿ ಹಿಡಿದು ಸೀತಾರಾಮಪ್ಪನವರ ಮನೆ ದಾರಿ ಹಿಡಿದಿದ್ದಾರೆ. ಬಾಗಿಲಲ್ಲಿ ಅತ್ತೆ.

“ಎಂತ ಕೂಗಿದ್ಯೇ ಅವಂಗೆ?”

ಎಂತ ಹೇಳಲಿ... ಈ ಸಲವಾದರೂ ಅಳತೆಯಲ್ಲಿ —