ಪುಷ್ಪಮ್ಮನವರ ನೀಲಿ ಬೆಂಚು

ನ್ಯೂ ಟೌನ್, ಭದ್ರಾವತಿ
17 ನವೆಂಬರ್ 2024, ಭಾನುವಾರ ಮಧ್ಯಾಹ್ನ

ಪ್ರೀತಿಯ ಪ್ರಣವ,

ಹೇಗಿದ್ದೀಯ? ಸಂಧ್ಯಾಳ ಕೆಮ್ಮು ಕಡಿಮೆಯಾಯಿತೇ? ಹಳೇ ಬಣ್ಣ ಉಜ್ಜುವಾಗ ಏಳುವ ಧೂಳು ಒಳ್ಳೆಯದಲ್ಲ. ಹೆಂಡತಿಯನ್ನು ಶೆಡ್ಡಿನೊಳಗೆ ಕೂರಿಸಿಕೊಂಡು ಕೆಲಸ ಮಾಡಬೇಡ, ನೀನೂ ಮೂಗಿಗೆ ಬಟ್ಟೆ ಕಟ್ಟಿಕೋ. ನಿನ್ನ ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ಮೆಟ್ಟಿಲು ಹತ್ತುವಾಗ ನನ್ನನ್ನು ಬೈಯುತ್ತಾಳೆ, ಇಳಿಯುವಾಗ ನಿನ್ನನ್ನು. ನಾನು ಚೆನ್ನಾಗಿದ್ದೇನೆ. ಹದಿನೈದು ದಿನದಿಂದ ನನ್ನ ಫೋನ್ ನೀನು ಎತ್ತಿಲ್ಲ. ಅದಕ್ಕೇ ಈ ಕಾಗದ. ಕಾಗದಕ್ಕೆ ಕಟ್ ಮಾಡುವ ಬಟನ್ ಇರುವುದಿಲ್ಲವಲ್ಲ.

ಗೋಪಾಳದಲ್ಲಿ ಶೆಡ್ ಬಾಡಿಗೆಗೆ ಹಿಡಿದು ನೀನು ಈ ಕೆಲಸ ಶುರು ಮಾಡಿದಾಗ ನನಗೆ ನಗು ಬಂದಿತ್ತು ನಿಜ. ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಎರಕಕ್ಕೆ ಬೇಕಾದ ಮರದ ಅಚ್ಚು ಮಾಡಿದವನು ನಾನು. ಅಚ್ಚಿನ ಮೇಲೆ ಕೂದಲೆಳೆಯಷ್ಟು ಗೀರಿದ್ದರೆ ಅದು ಕಬ್ಬಿಣದ ಮೇಲೂ ಬೀಳುತ್ತದೆ ಎಂದು ಬೈಸಿಕೊಂಡು ಕಲಿತ ಕೈ ಇದು. ನೀನೋ ಗುಜರಿಯಿಂದ ತಂದ ಒಳ್ಳೇ ಬೀರುವನ್ನು ಸೈಕಲ್ ಚೈನಿನಲ್ಲಿ ಬಡಿಯುತ್ತಿದ್ದೆ. ಕಂದು ಬಣ್ಣ ಹಚ್ಚುವುದು, ಅಂಚಿಗೆ ಮೇಣದಬತ್ತಿ ತಿಕ್ಕುವುದು, ಅದರ ಮೇಲೆ ತೆಳು ನೀಲಿ ಬಳಿಯುವುದು, ಒಣಗಿದ ಮೇಲೆ ಸ್ಯಾಂಡ್‌ಪೇಪರ್ ಹಿಡಿದು ಆ ನೀಲಿಯನ್ನೇ ಅಲ್ಲಲ್ಲಿ ಕೆರೆದು ತೆಗೆಯುವುದು. ಹಚ್ಚಿದ್ದನ್ನು ಕೆರೆಯಲು ಹಚ್ಚುವುದು ಯಾಕೋ ಎಂದು ಕೇಳಿದ್ದೆ. "ತೋಟದಲ್ಲಿ ಇಡೋಕೆ ಜನ ಹಿಂಗೇ ಕೇಳ್ತಾರಪ್ಪ, ನೂರು ವರ್ಷ ಮಳೆ ಬಿಸಿಲು ಕಂಡಂಗಿರ್ಬೇಕು" ಎಂದಿದ್ದೆ ನೀನು. ನಿನಗೆ ಒಂದು ಮಾತು ಹೇಳಿರಲಿಲ್ಲ. ಆ ಮೊದಲನೇ ಬೀರುವನ್ನು ನೀನು ಬಿಸಿಲಿಗೆ ಇಟ್ಟ ದಿನ ನಾನು ಚಹಾದ ನೆಪ ಮಾಡಿಕೊಂಡು ಎರಡು ಸಲ ಹೊರಗೆ ಬಂದು ನೋಡಿದೆ. ಚೆನ್ನಾಗಿತ್ತು. ಆವತ್ತೇ ಬಾಯಿಬಿಟ್ಟು ಹೇಳಿದ್ದರೆ ನೀನು ನನ್ನ ಮಾತಿಗೂ ಕಿವಿಗೊಡುತ್ತಿದ್ದೆಯೇನೋ.

ಈಗ ಪುಷ್ಪಮ್ಮನವರ ವಿಷಯಕ್ಕೆ ಬರುತ್ತೇನೆ. ರಿಟೈರಾದ ಟೀಚರ್, ಒಬ್ಬರೇ ಇರುವವರು, ಸಂಪಿಗೆ ಮರದ ಕೆಳಗೆ ಕೂತು ಪೇಪರ್ ಓದಲು ಬೆಂಚು ಬೇಕು ಎಂದು ನಮ್ಮ ಶೆಡ್ಡಿಗೇ ಬಂದು ಕೇಳಿದ್ದರು. ಆಗ ನಾನೂ ದಿನಾ ಬಂದು ನಿನ್ನ ಜೊತೆ ಕೆಲಸ ಮಾಡುತ್ತಿದ್ದೆ. ನೀನು ಹುಡುಕಿ ತಂದ ಹಳೇ ಬೆಂಚಿನ ಒಂದು ಕಾಲು ಕೊಳೆತಿತ್ತು. ನಾನು ಹೊನ್ನೆ ಮರದಲ್ಲಿ ಹೊಸ ಕಾಲು ಮಾಡಿ ಕೂರಿಸಿದೆ, ಒಂದು ಮೊಳೆಯನ್ನೂ ಹೊಡೆಯದೆ. ಆ ಕಾಲು ಮಾತ್ರ ಹೊಸದಾಗಿ ಕಾಣುತ್ತದೆಂದು ನೀನು ಡ್ರಿಲ್ ತಂದೆ, ಹುಳ ತಿಂದ ಹಾಗೆ ಸಣ್ಣ ತೂತು ಮಾಡಲು. "ಕೆಳಗೆ ಎಲ್ಲಾದ್ರೂ ಎರಡು ಮಾಡ್ಕೋ, ಸೀಟಿನ ಹತ್ರ ಬೇಡ ಮಾರಾಯ, ಭಾರ ಬೀಳೋ ಜಾಗ ಅದು, ಮಳೆ ನೀರೂ ಅಲ್ಲೇ ಇಳಿಯುತ್ತೆ" ಎಂದು ನಾನು ಹೇಳಿದೆ. "ಸರಿ, ನೀ ಸುಮ್ನಿರಪ್ಪ" ಎಂದೆ ನೀನು. ಸರಿ ಎಂದದ್ದನ್ನು ನಾನು ನಂಬಿ ಊಟಕ್ಕೆ ಹೋದೆ. ವಾಪಸ್ ಬರುವಷ್ಟರಲ್ಲಿ ಬೆಂಚಿಗೆ ನೀಲಿ ಬಣ್ಣ ಬಿದ್ದಾಗಿತ್ತು, ನಾನು ಬಗ್ಗಿ ಕಾಲು ನೋಡಲಿಲ್ಲ.

ಆಮೇಲೆ ನೀನು ಶೆಡ್ಡನ್ನು ಆಯನೂರಿಗೆ ಸಾಗಿಸಿದೆ. "ದೂರ ಆಗುತ್ತೆ, ನೀ ಬರೋದು ಬೇಡ" ಎಂದೆ. ನನಗೂ ಅರವತ್ತನಾಲ್ಕು, ಇರಲಿ ಎಂದುಕೊಂಡೆ. ಹೋದ ತಿಂಗಳ ಕೊನೆಗೆ ಗೋಪಾಳದಲ್ಲಿ ಒಂದು ಗೃಹಪ್ರವೇಶವಿತ್ತು. ಊಟ ಮುಗಿಸಿ ಬರುವಾಗ ಪುಷ್ಪಮ್ಮನವರ ಮನೆ ಕಡೆ ಕಾಲು ತಾನಾಗಿ ಹೊರಳಿತು. ಮಾಡಿದ ವಸ್ತು ಎಲ್ಲಿ ಕೂತಿದೆ, ಹೇಗಿದೆ ಎಂದು ನೋಡುವ ಚಪಲ. ಗೇಟು ತೆಗೆದವರ ಬಲಗೈಗೆ ಪ್ಲಾಸ್ಟರ್ ಇತ್ತು.

ನೀನು ನನಗೆ ಹೇಳದೆ ಮುಚ್ಚಿಟ್ಟದ್ದನ್ನೆಲ್ಲ ಅವರೇ ಹೇಳಿದರು. ಆಯುಧಪೂಜೆಯ ಮಾರನೇ ದಿನ ಬೆಂಚು ಮುರಿದು ಅವರು ಬಿದ್ದದ್ದು, ಮಣಿಕಟ್ಟಿನ ಮೂಳೆ ಮುರಿದದ್ದು, ನೀನು ಓಡಿ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಅಲ್ಲಿಯವರೆಗೆ ನನ್ನ ಮಗ ಎಂದು ಹೆಮ್ಮೆಯೇ ಆಯಿತು. ಆಮೇಲೆ ಅವರು ದನಿ ತಗ್ಗಿಸಿ, ನನಗೆ ನೋವಾಗದ ಹಾಗೆ, "ನಿಮ್ಮ ಮಗ ಎಲ್ಲ ಹೇಳ್ದ ಜಯಪ್ಪೋರೆ. ಅಪ್ಪಂಗೆ ಈಗ ಕೈ ನಡುಗುತ್ತೆ, ಕೆಲಸ ಬಿಡು ಅಂದ್ರೆ ಕೇಳಲ್ಲ, ಕಾಲು ಸರಿಯಾಗಿ ಕೂರ್ಸಿಲ್ಲ ಅಂತ. ನಾನೇನೂ ಬೇಜಾರ್ ಮಾಡ್ಕೊಂಡಿಲ್ಲ, ವಯಸ್ಸು ಯಾರನ್ನ ಬಿಡುತ್ತೆ ಹೇಳಿ" ಎಂದರು.

ಬೆಂಚು ಎಲ್ಲಿದೆ ಎಂದು ಕೇಳಿದೆ. ಹಿತ್ತಲಿನ ನೀರಿನ ತೊಟ್ಟಿಯ ಪಕ್ಕ ಬೋರಲಾಗಿ ಬಿದ್ದಿತ್ತು. ಕೂತು ಕೈಯಾಡಿಸಿದೆ. ನಾನು ಕೂರಿಸಿದ ಜಾಯಿಂಟು ಸೀಟಿನೊಳಗೆ ಇನ್ನೂ ಕಚ್ಚಿಕೊಂಡೇ ಇತ್ತು, ಅಲ್ಲಾಡಿಸಿದರೂ ಅಲ್ಲಾಡಲಿಲ್ಲ. ಕಾಲು ಮುರಿದದ್ದು ಅದರಿಂದ ಎರಡು ಬೆರಳು ಕೆಳಗೆ. ಅಲ್ಲಿ ಒಂಬತ್ತು ತೂತುಗಳಿದ್ದವು ಪ್ರಣವ. ಮೂರು ಈ ಕಡೆಯಿಂದ ಆ ಕಡೆಗೆ ಹಾದುಹೋಗಿದ್ದವು. ಒಂದೇ ಮಳೆಗಾಲದ ನೀರು ಕುಡಿದು ಮರ ಒಳಗೆಲ್ಲ ಕಪ್ಪಾಗಿತ್ತು, ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತಿತ್ತು.

ಪುಷ್ಪಮ್ಮ ಹಿಂದೆಯೇ ನಿಂತಿದ್ದರು. "ಏನಾಗಿತ್ತು ಜಯಪ್ಪೋರೆ?" ಎಂದರು. ತೂತಿನ ಮೇಲೆ ನನ್ನ ಹೆಬ್ಬೆರಳಿತ್ತು. ತೆಗೆದು ತೋರಿಸಿದ್ದರೆ ಸಾಕಿತ್ತು, ಮಾತೇ ಬೇಕಿರಲಿಲ್ಲ. ನಾನು ತೆಗೆಯಲಿಲ್ಲ. "ನನ್ನದೇ ತಪ್ಪು ತಾಯಿ, ಕೈ ಸೋತಿದೆ" ಎಂದೆ. ಅವರು ಎಡಗೈಯಲ್ಲೇ ಕಾಫಿ ಮಾಡಿ ತಂದುಕೊಟ್ಟು, ಇನ್ನಾದರೂ ರೆಸ್ಟ್ ತಗೊಳ್ಳಿ ಎಂದರು. ಆ ಕಾಫಿಯನ್ನು ಹೇಗೆ ಕುಡಿದೆನೋ ನನಗೇ ಗೊತ್ತು. ಲೋಟ ಹಿಡಿದಾಗ ಕೈ ನಿಜವಾಗಿಯೂ ನಡುಗುತ್ತಿತ್ತು, ಅವರು ಅದನ್ನು ನೋಡಿ ಮುಖ ತಿರುಗಿಸಿಕೊಂಡರು.

ಇದು ಮಗನ ಮೇಲಿನ ಪ್ರೀತಿ ಎಂದು ನೀನು ತಿಳಿಯಬೇಡ. ನನಗೆ ನಾಚಿಕೆಯಾಗಿತ್ತು. ಕೈ ಸೋತವನು ಎನಿಸಿಕೊಳ್ಳುವುದು, ಸುಳ್ಳು ಹೇಳುವ ಮಗನನ್ನು ಬೆಳೆಸಿದವನು ಎನಿಸಿಕೊಳ್ಳುವುದು, ಈ ಎರಡರಲ್ಲಿ ಆ ಹೊತ್ತಿಗೆ ಮೊದಲನೆಯದು ಹಗುರವಾಗಿ ಕಂಡಿತು. ಹಗುರವಲ್ಲ. ಬಾಗಿಲು ಮಾಡಿಕೊಡಿ ಎಂದು ಎರಡು ತಿಂಗಳಿಂದ ದುಂಬಾಲು ಬಿದ್ದಿದ್ದ ಪಕ್ಕದ ಬೀದಿಯ ಭೀಮೇಶ್ ಮೊನ್ನೆ, "ಬಿಡಿ ಜಯಪ್ಪೋರೆ, ನಿಮಗ್ಯಾಕೆ ತೊಂದ್ರೆ, ರೆಡಿಮೇಡ್ ತಂದ್ಕೊತೀನಿ" ಎಂದ. ಕಣ್ಣು ನನ್ನ ಕೈ ಮೇಲಿತ್ತು. ಸುದ್ದಿ ಗೋಪಾಳದಿಂದ ಇಲ್ಲಿಗೆ ಬರಲು ಬಸ್ಸೂ ಬೇಕಿಲ್ಲ. ನಿನ್ನ ಅಮ್ಮನಿಗೆ ಎಲ್ಲ ಹೇಳಿದೆ. ಅವನ ಹೊಟ್ಟೆಪಾಡು ಕಣೇ ಪ್ರೇಮಾ ಎಂದರೆ, "ನಿಮ್ಮ ಹೆಸರು ಯಾರ ಹೊಟ್ಟೆಪಾಡು?" ಎಂದು ಕೇಳಿ ಎದ್ದು ಹೋದಳು. ನಾನು ಪುಷ್ಪಮ್ಮನವರ ಮನೆಗೆ ಹೋದದ್ದು ನಿನ್ನ ಕಿವಿಗೂ ಬಿದ್ದಿರುತ್ತದೆ, ನೀನು ಬಂದು ಎದುರು ನಿಂತು ಒಂದು ಮಾತು ಆಡುತ್ತೀಯ ಎಂದು ಕಾದೆ. ನೀನು ಸಂಧ್ಯಾಳ ಕೈಯಲ್ಲಿ ಮೈಸೂರ್‌ಪಾಕ್ ಕಳಿಸಿದೆ. ಆ ಡಬ್ಬಿಯ ಮುಚ್ಚಳ ಕೂಡ ನಿನ್ನ ಅಮ್ಮ ತೆಗೆದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನೂ ಸಂಧ್ಯಾಳನ್ನೂ ಚೆನ್ನಾಗಿ ಇಟ್ಟಿರಲಿ. ನಿನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಬಾಯಿಗೆ ಬೇರೆ ಮಾತು ಬರುವುದಿಲ್ಲ.

ಇಂತಿ,
ನಿನ್ನ ಅಪ್ಪ
ಜಯಪ್ಪ

ಮತ್ತೆ: ಕಾಗದ ಮಡಚುತ್ತಿದ್ದೆ, ಸಂಧ್ಯಾ ನಿನ್ನ ಅಮ್ಮನಿಗೆ ಫೋನ್ ಮಾಡಿದಳು. ಸಾಗರ ರಸ್ತೆಯ ಹೋಂಸ್ಟೇಗೆ ಎರಡು ಮರದ ಉಯ್ಯಾಲೆ ಮಾಡಿದ್ದೀಯಂತೆ, ಬುಧವಾರ ಕಟ್ಟುತ್ತೀಯಂತೆ. ಹಲಗೆಗೆ ಹಗ್ಗ ಪೋಣಿಸುವ ಕಡೆಯೂ ಹುಳದ ತೂತು ಕೊರೆದಿದ್ದೀಯಂತೆ. ಅವಳು ಬೇಡವೆಂದರೆ ಅವಳಿಗೂ ಸುಮ್ಮನಿರು ಎಂದೆಯಂತೆ. ಕಟ್ಟಬೇಡ. ಅದರ ಮೇಲೆ ಮಕ್ಕಳು ಕೂರುತ್ತಾರೆ. ಈ ಕಾಗದ ಅಂಚೆಗೆ ಹಾಕುವುದಿಲ್ಲ, ನಾಳೆ ಬೆಳಗಿನ ಬಸ್ಸಿಗೆ ನಾನೇ ತರುತ್ತೇನೆ. ನೀನಿದ್ದರೆ ಕೈಗೆ ಕೊಡುತ್ತೇನೆ, ಹೊಸ ಹಲಗೆ ಇಬ್ಬರೂ ಕೂತು ಮಾಡೋಣ. ಶೆಡ್ಡಿಗೆ ಬೀಗ ಹಾಕಿದ್ದರೆ ಬಾಗಿಲ ಸಂದಿಯಲ್ಲಿ ತೂರಿಸಿ ನೇರ ಹೋಂಸ್ಟೇಗೆ ಹೋಗುತ್ತೇನೆ. ಅಲ್ಲಿ ಯಾರು ಕೊರೆದದ್ದು ಎಂದು ಕೇಳಿದರೆ ನಿನ್ನ ಹೆಸರು ಹೇಳುತ್ತೇನೆ.