ಸೊಪ್ಪು ಹಾಕಿದ ದಾರಿ

ಆಗಸ್ಟ್ ೩, ಶನಿವಾರ

ಬ್ಯಾಗ್ ರೆಡಿ. ನೀರು, ಚಿತ್ರಾನ್ನ, ಅಕ್ಕನ ಇನ್ಹೇಲರ್. ಮಳೆ ನಿಂತರೆ ಬೆಟ್ಟದ ಮೇಲಿನ ಫಾಲ್ಸ್‌ನಲ್ಲಿ ಬರೀ ಬಂಡೆ, ಹೋದರೆ ಈಗಲೇ. ವಾಣಿ ಅಕ್ಕನಿಗೆ ವೀಸಿಂಗ್, ಬೇಡ ಅಂದೆ. ಕೇಳಬೇಕಲ್ಲ! "ನಾನೂ ಬತ್ತೀನಿ ಕಣೆ ರೂಪಾ, ನಿಧಾನಕ್ಕೆ ನಡೀತೀನಿ."

ಆಗಸ್ಟ್ ೪, ಬೆಳಿಗ್ಗೆ ೧೦

ಕೋಟೆ ಊರು ದಾಟಿ ಬೆಟ್ಟದ ಬುಡ. ಅಕ್ಕ ನಲ್ಲಿ ಹತ್ತಿರ ಮುಖ ತೊಳೆಯುತ್ತಿದ್ದಳು. ಪಕ್ಕದ ಹೊಲದಲ್ಲಿದ್ದ ಚಿಕ್ಕಮಾದಣ್ಣ ಅನ್ನುವವರು ನನಗೆ ದಾರಿ ಹೇಳಿದರು. "ಮ್ಯಾಲೆ ದಾರಿ ಎಲ್ಡಾಯ್ತದೆ ಕಣವ್ವ. ಎಡಕ್ಕೋಗಿ. ಬಲಕ್ಕೆ ಬರೀ ಜಾರುಬಂಡೆ."

ಮಧ್ಯಾಹ್ನ ೧೨

ಫಾಲ್ಸ್ ಸೂಪರ್! ಒಬ್ಬಳೇ ಇದ್ದೇನೆ. ಅಕ್ಕ ಹತ್ತು ಹೆಜ್ಜೆಗೊಮ್ಮೆ ಕೂರುತ್ತಿದ್ದಳು, ತಲೆ ಕೆಟ್ಟು ರೇಗಿದೆ. "ನೀ ಹೋಗು, ಹಿಂದೆ ಬತ್ತೀನಿ" ಅಂದಳು. ಬಂದೇಬಿಟ್ಟೆ. ನಾನು ಹೋದ ದಾರಿ ಗೊತ್ತಾಗಲೆಂದು ಸೊಪ್ಪು ಮುರಿದು, ನನ್ನ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿ, ದಾರಿ ಎರಡಾಗುವಲ್ಲಿ ಎಡದ ದಾರಿಗೆ ಇಟ್ಟಿದ್ದೇನೆ.

೧೨:೫೦

ಇನ್ನೂ ಬಂದಿಲ್ಲ. ನೆಟ್‌ವರ್ಕ್ ಇಲ್ಲ. ನೀರಿನ ಸದ್ದಿನಲ್ಲಿ ಕೂಗಿದರೂ ಕೇಳಿಸದು. ಬ್ಯಾಗ್ ತೆರೆದೆ... ಇನ್ಹೇಲರ್ ನನ್ನ ಹತ್ತಿರವೇ ಇದೆ. ಅಯ್ಯೋ ದೇವರೇ.

ಸೊಪ್ಪು! ಹೋಗಬಾರದ ದಾರಿಗೆ ತಾನೇ ಸೊಪ್ಪು ಹಾಕುವುದು? ಚಿಕ್ಕಂದಿನಲ್ಲಿ ಅಪ್ಪ ಹೊಲದ ದಾರಿಯಲ್ಲಿ ಇಬ್ಬರಿಗೂ ಹೇಳಿಕೊಟ್ಟಿದ್ದರು. ನಾನು ಮರೆತೆ. ಅಕ್ಕ ಮರೆಯುವವಳಲ್ಲ. ಥೂ, ನನ್ನ ಬುದ್ಧಿಗಿಷ್ಟು! ಓಡಬೇಕು —

ಆಗಸ್ಟ್ ೭

ಮೂರು ದಿನ ಬರೆಯಲು ಆಗಲಿಲ್ಲ.

ಬಲದ ದಾರಿಯ ಬಂಡೆಗೆ ಒರಗಿದ್ದಳು. ತುಟಿ ನೀಲಿ, ಮಾತಿಲ್ಲ. ಇನ್ಹೇಲರ್ ಬಾಯಿಗಿಟ್ಟು ಕಿರುಚಿದೆ. ಚಿಕ್ಕಮಾದಣ್ಣ ಓಡಿಬಂದು ಹೊತ್ತು ಇಳಿಸಿದರು. "ಯಾರವ್ವ ಎಡದ ದಾರೀಗೆ ಸೊಪ್ಪು ಆಕ್ದೋರು?"

"ದನ ಕಾಯೋರು ಇರ್ಬೇಕು ಕಣಣ್ಣ" ಅಂದುಬಿಟ್ಟೆ. ಅವರ ಬೆನ್ನ ಮೇಲಿದ್ದ ಅಕ್ಕ ಕಣ್ಣು ಬಿಟ್ಟೇ ಇದ್ದಳು.

ಮೈಸೂರಿನ ಆಸ್ಪತ್ರೆ. ಐಸಿಯು. ಅವಳಿಗೇನಾದರೂ ಆದರೆ ನಾನು ಬದುಕಲಾರೆ.

ಆಗಸ್ಟ್ ೯, ಸಂಜೆ

ವಾರ್ಡಿಗೆ ತಂದರು. ಈಗ ಉಸಿರು ಸಲೀಸು. ಇವತ್ತು ಒಪ್ಪಿಕೊಳ್ಳಲೇಬೇಕೆಂದು ಹೋದೆ. ಅವಳ ತಲೆ ಬಾಚುತ್ತ ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರು ಮಾಡಿದಳು.

"ಎಡಗಡೆ ನೀರಿನ ಸದ್ದು ಕೇಳ್ತಿತ್ತು ಕಣೆ. ಸೊಪ್ಪು ನೋಡಿ ಅನುಮಾನವೂ ಆಯ್ತು. ಆದ್ರೆ ಇದು ಸುತ್ತಿತ್ತಲ್ಲ..."

ದಿಂಬಿನ ಕೆಳಗಿಂದ ಕೆಂಪು ರಬ್ಬರ್ ಬ್ಯಾಂಡ್ ತೆಗೆದಳು.

"ಎಡಕ್ಕೆ ಬರಬೇಡ ಅಂತ ನೀನೇ ಇಟ್ಟಿದ್ದು ಅಂತ ನಂಬ್ದೆ. ಕಳೆದೋಯ್ತದೆ ಅಂತ ಎತ್ಕಂಡೆ."

ನನ್ನ ಕೈಗಿಟ್ಟು, ಜಡೆ ಹಾಕು ಅನ್ನುವಂತೆ ಆ ಕಡೆ ತಿರುಗಿದಳು. ಅಕ್ಕ, ನಾನು —